ಅಂಗೈಗೆ ಹಚ್ಚಬೇಡಿ

ಲ್ಯಾಪ್‌ಲ್ಯಾಂಡಿನ ನಮ್ಮೂರು ಸಾರಿಕೋಸ್ಕಿಯಲ್ಲಿ ಎಲ್ಲರಿಗಿಂತ ಹೆಚ್ಚು ಸೊಳ್ಳೆ ಕಚ್ಚಿಸಿಕೊಂಡವರು ಯಾರು ಎಂದು ಕೇಳಿದರೆ ನಾನು ತಡವರಿಸದೆ ನಮ್ಮಣ್ಣ ತೌನೊನ ಹೆಸರು ಹೇಳುತ್ತೇನೆ. ನಮ್ಮಲ್ಲಿ ಜೌಗು ಹೆಚ್ಚು, ಬೇಸಿಗೆ ಸಣ್ಣದು. ಸೊಳ್ಳೆಗಳಿಗೂ ಅದು ಗೊತ್ತು. ಇರುವಷ್ಟು ದಿನದಲ್ಲೇ ಬದುಕಿಕೊಳ್ಳಬೇಕೆಂದು ಮೈಮೇಲೆ ಬೀಳುತ್ತವೆ. ಬೇರೆಯವರಾದರೆ ಫಟ್ಟೆಂದು ಹೊಡೆಯಲು ಒಂದು ಕೈಯಾದರೂ ಖಾಲಿ ಇರುತ್ತದೆ. ತೌನೊಗೆ ಆ ಭಾಗ್ಯವಿರಲಿಲ್ಲ. ಹೊಟ್ಟೆಪಾಡಿಗೆ ಅವನು ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದ. ಹುಟ್ಟು ಹಾಕುವ ದೋಣಿಯಲ್ಲ. ದಡದಿಂದ ದಡಕ್ಕೆ ಬಿಗಿದ ತಂತಿಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದೆಳೆಯುತ್ತ ಜನ, ಸೈಕಲ್ಲು, ಒಮ್ಮೊಮ್ಮೆ ಹಸು, ಎಲ್ಲವನ್ನೂ ಆಚೆ ಮುಟ್ಟಿಸುವ ಅಗಲದ ಹಲಗೆದೋಣಿ. ಬೇಸಿಗೆಯ ಶನಿವಾರಗಳಲ್ಲಿ ಸರೋವರದ ಅಂಚಿನ ಕುಣಿತದ ಮಂಟಪದಲ್ಲಿ, ತಿದಿ ಎಳೆಯುತ್ತ ಗುಂಡಿ ಒತ್ತುವ ಅಕಾರ್ಡಿಯನ್ ನುಡಿಸುತ್ತಿದ್ದ. ಅದಕ್ಕೂ ಎರಡು ಕೈ ಬೇಕು.

ನಾನು ಹೆಲ್ಲಿ, ಅವನ ತಂಗಿ. ಅವನ ಹಿಂದೆ ಕೂತು ಡ್ರಮ್ ಬಾರಿಸುವವಳು. ಹೆಂಗಸು ಡ್ರಮ್ ಬಾರಿಸುವುದೇ ಎಂದು ಮೂಗು ಮುರಿದವರ ಮದುವೆಗಳಿಗೂ ನಾನೇ ಬಾರಿಸಿದ್ದೇನೆ. ನನ್ನ ಜಾಗದಿಂದ ನನಗೆ ಕಾಣುತ್ತಿದ್ದದ್ದು ಅಣ್ಣನ ಕತ್ತಿನ ಹಿಂಭಾಗ, ಅದರ ಮೇಲೆ ಸಾಲಾಗಿ ಊಟಕ್ಕೆ ಕೂತ ಸೊಳ್ಳೆಗಳು. ಎರಡು ಪೆಟ್ಟುಗಳ ನಡುವೆ ಬಿಡುವು ಸಿಕ್ಕಾಗ ಕಡ್ಡಿಯ ತುದಿಯಿಂದ ಒಂದಿಷ್ಟನ್ನು ಓಡಿಸುತ್ತಿದ್ದೆ. ಮುಖದ ಮೇಲಿನವುಗಳ ಗತಿ ಅವನೇ ನೋಡಿಕೊಳ್ಳಬೇಕು. ಕೆಳತುಟಿ ಮುಂದೆ ಮಾಡಿ ಮೇಲಕ್ಕೆ ಊದುವುದು, ಹುಬ್ಬು ಕುಣಿಸುವುದು, ಕಣ್ಣು ಬಿಗಿಯಾಗಿ ಮುಚ್ಚಿ ತೆರೆಯುವುದು, ಇಷ್ಟೇ ಅವನ ಆಯುಧಗಳು. ಒಂದು ಸಲ ಹೆಲ್ಸಿಂಕಿಯಿಂದ ಬಂದಿದ್ದ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ ಬಂದು, ಟ್ಯಾಂಗೊವನ್ನು ಇಷ್ಟು ನೋವು ತುಂಬಿ ನುಡಿಸುವವರನ್ನು ತಾನು ಕಂಡೇ ಇಲ್ಲವೆಂದು ಹೇಳಿ ಹೋದಳು. ನೋವೇನೋ ನಿಜವೇ. ಕಣ್ಣುರೆಪ್ಪೆಯ ಮೇಲೆ ಎರಡು ಕೂತಿದ್ದವು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ನಮ್ಮಣ್ಣ ಇಡೀ ಲ್ಯಾಪ್‌ಲ್ಯಾಂಡನ್ನೇ ಕೊಂಡುಕೊಳ್ಳಬಹುದಿತ್ತು. 'ಹ್ಞೂಂ' ಎಂಬ ಒಂದೇ ಅಕ್ಷರದಲ್ಲಿ ಅವನು ಸಂಸಾರ ನಡೆಸಿದವನು. ಸಂಸಾರವೆಂದರೆ ನಾನು, ಅವನು, ಒಂದು ನಾಯಿ. ಅವನಿಗೆ ಮದುವೆಯಾಗಲಿಲ್ಲ. ಕುರೂಪಿಯಲ್ಲ, ಕುಡುಕನಲ್ಲ. ನಮ್ಮೂರಿನ ಮದುವೆಗಳೆಲ್ಲ ಆ ಮಂಟಪದಲ್ಲೇ ಕುದುರುತ್ತಿದ್ದವು. ಗಂಡಸರು ಒಂದು ಗೋಡೆಯ ಬೆಂಚಿನಲ್ಲಿ, ಹೆಂಗಸರು ಎದುರು ಗೋಡೆಯ ಬೆಂಚಿನಲ್ಲಿ ಕೂತು, ಒಬ್ಬರನ್ನೊಬ್ಬರು ಕರೆದು ಕುಣಿಯುತ್ತಿದ್ದರು. ನಮ್ಮಣ್ಣ ಎರಡು ಗೋಡೆಗೂ ಸೇರದೆ ವೇದಿಕೆಯ ಮೇಲೆ ಕೂತು, ಊರಿನವರಿಗೆಲ್ಲ ಜೋಡಿ ಕೂಡಿಸಿ, ತಾನು ಪೆಟ್ಟಿಗೆ ಮುಚ್ಚಿಕೊಂಡು ಮನೆಗೆ ಬರುತ್ತಿದ್ದ. ಹೀಗೆಯೇ ಐವತ್ತು ದಾಟಿತು.

ಇನ್ನು ಕರಿ ಎಣ್ಣೆಯ ವಿಷಯ. ಪೈನ್ ಮರದ ಬೇರನ್ನು ಮಣ್ಣಿನಡಿ ಹೊಗೆಯಾಡಿಸಿ ಇಳಿಸುವ ಈ ಎಣ್ಣೆಯನ್ನು ನಾವು ದೋಣಿಗೂ ಹಚ್ಚುತ್ತೇವೆ, ಮೈಗೂ ಹಚ್ಚುತ್ತೇವೆ. ಸೌನಾ ಎಂಬ ಹಬೆಮನೆಯ ಬಿಸಿ, ಒಂದು ಗುಟುಕು ಸಾರಾಯಿ, ಕರಿ ಎಣ್ಣೆ, ಈ ಮೂರರಿಂದ ಗುಣವಾಗದ ರೋಗ ಸಾಯಿಸಿಯೇ ಬಿಡುತ್ತದೆ ಎಂಬುದು ನಮ್ಮ ಕಡೆಯ ಗಾದೆ. ಸೊಳ್ಳೆಗೆ ಅಮ್ಮ ಅದನ್ನು ಕೊಬ್ಬಿನ ಜೊತೆ ಕಾಯಿಸಿ ಡಬ್ಬದಲ್ಲಿ ತುಂಬಿಡುತ್ತಿದ್ದಳು. ಹಚ್ಚಿಕೊಂಡರೆ ಒಂದು ಗಂಟೆ ಹೊತ್ತು ಸೊಳ್ಳೆ ಹತ್ತಿರ ಸುಳಿಯುವುದಿಲ್ಲ, ಮನುಷ್ಯರು ಇಡೀ ದಿನ ಸುಳಿಯುವುದಿಲ್ಲ. ಬಿಸಿಲಿಗೆ ಹೋದರೆ ಹಚ್ಚಿದ ಜಾಗ ಕೆಂಪಾಗಿ ಉರಿಯುತ್ತಿತ್ತು. ಉರಿದರೆ ಮದ್ದು ಚುರುಕಾಗಿದೆ ಎಂದರ್ಥ ಎನ್ನುತ್ತಿದ್ದಳು ಅಮ್ಮ. ಅಣ್ಣ ಅದನ್ನೇ ನಂಬಿ ಜೂನ್ ತಿಂಗಳಿಂದ ಆಗಸ್ಟ್‌ವರೆಗೆ ಹೊಗೆಯ ವಾಸನೆ ಹೊಡೆಯುತ್ತಿದ್ದ. ಔಷಧದಂಗಡಿಯ ಸೊಳ್ಳೆಮದ್ದು ಊರಿಗೆ ಬಂದು ವರ್ಷಗಳಾಗಿದ್ದರೂ ಅದರ ಕಡೆ ತಿರುಗಿ ನೋಡಿರಲಿಲ್ಲ.

ಆ ಚಳಿಗಾಲದಲ್ಲಿ ತುರ್ಕು ಪಟ್ಟಣದಿಂದ ಐನಿಕ್ಕಿ ಬಂದಳು. ಆಚೆ ದಡದ ಔಷಧದಂಗಡಿಗೆ ಬೇಸಿಗೆ ಮುಗಿಯುವತನಕ ಬದಲಿ ಕೆಲಸಕ್ಕೆ ಬಂದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ನಕ್ಕರೆ ಅಂಗಡಿಯ ಸೀಸೆಗಳು ಅಲುಗುವ ಹಾಗೆ ನಗುತ್ತಿದ್ದಳು. ಕೋಣೆ ಹಿಡಿದದ್ದು ನಮ್ಮ ದಡದಲ್ಲಿ; ಹೊಳೆ ಹೆಪ್ಪುಗಟ್ಟಿದ್ದಷ್ಟು ದಿನ ಮಂಜಿನ ಮೇಲೆ ನಡೆದೇ ಓಡಾಡಿದಳು. ಮಂಜು ಒಡೆದ ಮೇಲೆ ಅಣ್ಣನ ದೋಣಿ ಹತ್ತಬೇಕಾಯಿತು. ದೋಣಿಗೆ ಆಗಷ್ಟೇ ಕರಿ ಎಣ್ಣೆ ಬಳಿದಿತ್ತು; ಜೂನ್ ಬಂದಾಗ ದೋಣಿಯವನೂ ಬಳಿದುಕೊಂಡ. ಪಾಪ, ಆಕೆಗೆ ಆ ವಾಸನೆಗೆ ತಲೆ ಸಿಡಿಯುತ್ತಿತ್ತು. ಮೂಗಿಗೆ ಕರವಸ್ತ್ರ ಹಿಡಿದು ದೋಣಿಯ ಆ ತುದಿಯಲ್ಲಿ ನಿಲ್ಲುತ್ತಿದ್ದಳು. ಈ ತುದಿಯಲ್ಲಿ ಹಗ್ಗ ಎಳೆಯುವವನು ಆಚೆ ದಡ ಬಂದದ್ದೂ ತಿಳಿಯದೆ ದೋಣಿಯನ್ನು ಕಟ್ಟೆಗೆ ಗುದ್ದಿಸುತ್ತಿದ್ದ. ನಾನು ಕುರುಡಿಯಲ್ಲ. ಅಷ್ಟು ವರ್ಷ ಕತ್ತು ನೋಡಿದವಳಿಗೆ ಆ ಕತ್ತು ಯಾವ ಕಡೆ ತಿರುಗಿದೆ ಎಂದು ಗೊತ್ತಾಗದೆ ಇರುತ್ತದೆಯೆ?

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ? ನಡುಬೇಸಿಗೆಯ ಮೊದಲ ಶನಿವಾರ ಐನಿಕ್ಕಿ ಮಂಟಪಕ್ಕೂ ಬಂದಳು. ವೇದಿಕೆಯ ಹತ್ತಿರ ಜಾಗವಿದ್ದರೂ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು. ಕಾಫಿ ಹೊತ್ತಿನಲ್ಲಿ ನಾನೇ ಹೋಗಿ ಮಾತಾಡಿಸಿ, ನಮ್ಮಣ್ಣ ನುಡಿಸುವುದು ಹೇಗಿದೆ ಎಂದು ಕೇಳಿದೆ.

"ತುಂಬ ಚೆನ್ನಾಗಿ ನುಡಿಸ್ತಾರೆ," ಅಂದಳು. "ಬಾಗಿಲ ಹತ್ರ ಕೂತು ಕೇಳಿದ್ರೆ ಇನ್ನೂ ಚೆನ್ನಾಗಿರುತ್ತೆ."

ಈ ಮಾತನ್ನು ನಾನು ಮನೆಗೆ ಬಂದು ಉಪ್ಪು ಖಾರ ಹಚ್ಚದೆ ಹಾಗೇ ಒಪ್ಪಿಸಿದೆ. ಅಣ್ಣ ಮೀನಿನ ಸಾರನ್ನು ಅರ್ಧಕ್ಕೇ ಬಿಟ್ಟು ಎದ್ದ. ಸೋಮವಾರ ನನ್ನನ್ನೂ ಕರೆದುಕೊಂಡು ಔಷಧದಂಗಡಿಗೆ ಹೊರಟ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ಬಾಯಿ ಬೇಕಾದೀತೆಂದು ನನ್ನದನ್ನು ಎರವಲು ತಂದಿದ್ದ.

ಐನಿಕ್ಕಿ ಸೊಳ್ಳೆಮದ್ದಿನ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ಇದರಲ್ಲಿ ಡೀಟ್ ಎಂಬ ರಾಸಾಯನಿಕವಿದೆ, ಇದು ಸೊಳ್ಳೆಯನ್ನು ಕೊಲ್ಲುವುದಿಲ್ಲ, ಮನುಷ್ಯ ಅಲ್ಲಿದ್ದಾನೆಂದು ಅದಕ್ಕೆ ತಿಳಿಯದಂತೆ ಮಾಡುತ್ತದೆ ಎಂದಳು. ಆಮೇಲೆ ದಿನಾ ಹತ್ತು ಜನಕ್ಕೆ ಹೇಳುವ ಮಾತನ್ನು ಇವನಿಗೂ ಹೇಳಿದಳು.

"ಕಣ್ಣು, ಬಾಯಿ ಹತ್ರ ಬೇಡ. ಗಾಯದ ಮೇಲೆ ಬೇಡ. ಬಟ್ಟೆ ಒಳಗಿನ ಮೈಗೆ ಬೇಡ. ಅಂಗೈಗೆ ಹಚ್ಚಬೇಡಿ, ಕೈ ಹಿಂಬದಿಯಿಂದ ಸವರ್ಕೊಳ್ಳಿ, ತಾಗಿದ್ರೆ ಸೋಪು ಹಾಕಿ ತೊಳ್ಕೊಂಡುಬಿಡಿ. ಪ್ಲಾಸ್ಟಿಕ್ ಯಾವುದಕ್ಕೂ ಸೋಕಿಸಬೇಡಿ, ಕರಗುತ್ತೆ. ಸಂಜೆ ಸೌನಾದಲ್ಲಿ ಪೂರ್ತಿ ತೊಳ್ಕೊಳ್ಳಿ. ತಿಳೀತಾ?"

"ಹ್ಞೂಂ," ಅಂದ ತೌನೊ.

ಮನೆಗೆ ಬಂದವನು ಒಂದು ತೋಳಿಗೆ ಅಮ್ಮನ ಕರಿ ಎಣ್ಣೆ, ಇನ್ನೊಂದಕ್ಕೆ ಅಂಗಡಿಯ ಮದ್ದು ಹಚ್ಚಿಕೊಂಡು, ಅಂಗಿಯ ತೋಳು ಮಡಚಿ ಜೌಗಿನ ಅಂಚಿನಲ್ಲಿ ಹೋಗಿ ಕೂತ. ನಮ್ಮಮ್ಮ ಸೋಲಬಾರದೆಂದು ನನಗೆ ಒಳಗೊಳಗೇ ಆಸೆ. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಕರಿ ಎಣ್ಣೆಯ ತೋಳಿನಲ್ಲಿ ಸೊಳ್ಳೆಗಳ ಸಂತೆ ಸೇರಿತ್ತು. ಇನ್ನೊಂದು ತೋಳಿನ ಸುತ್ತ ಅವು ಗುಂಯ್‌ಗುಟ್ಟುತ್ತ ಹಾರಿದವೇ ಹೊರತು ಸಂಜೆಯಾದರೂ ಒಂದೂ ಕೂರಲಿಲ್ಲ. ಆದರೆ ಕಾಫಿ ಫ್ಲಾಸ್ಕಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಅಣ್ಣನ ಹೆಬ್ಬೆರಳಿನ ಗುರುತು, ಗೆರೆಗೆರೆಯೂ ಕಾಣುವಂತೆ ಇಳಿದುಬಿಟ್ಟಿತ್ತು.

ಮರುದಿನ ಅದೇ ಮುಚ್ಚಳ ಹಿಡಿದು ಮತ್ತೆ ಅಂಗಡಿಗೆ ಹೋದ. ಹೋಗಲು ಒಂದು ನೆಪ ಸಿಕ್ಕಿತ್ತಲ್ಲ. ಈ ಸಲ ತಾನೇ ಬಾಯಿ ಬಿಟ್ಟ.

"ಇದನ್ನೇ ತಿನ್ನುತ್ತೆ ಅಂದ್ರೆ, ನನ್ನನ್ನ?"

"ನೀವು ಪ್ಲಾಸ್ಟಿಕ್ಕಲ್ಲ, ತೌನೊ ಅವರೇ," ಎಂದು ಐನಿಕ್ಕಿ ಸೀಸೆಗಳು ಅಲುಗುವಂತೆ ನಕ್ಕಳು. "ಉಗುರಿನ ಬಣ್ಣ ಅಳಿಸೋ ನೀರೂ ಪ್ಲಾಸ್ಟಿಕ್ ಕರಗಿಸುತ್ತೆ. ಉಗುರೇನು ಕರಗಿಹೋಯ್ತಾ?"

ನಕ್ಕಾದ ಮೇಲೆ ಸರಿಯಾಗಿ ಬಿಡಿಸಿ ಹೇಳಿದಳು. ಚರ್ಮದ ಮೂಲಕ ಸ್ವಲ್ಪ ಒಳಗೆ ಹೋಗುತ್ತದೆ, ಹೋದದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ. ಅದಕ್ಕೇ ಬೇಕಾದಷ್ಟೇ ಹಚ್ಚಬೇಕು. ಗಟ್ಟಿ ಮದ್ದು ಹೆಚ್ಚು ಹೊತ್ತು ನಿಲ್ಲುತ್ತದೆ ಅಷ್ಟೇ, ಸೊಳ್ಳೆಯನ್ನು ಹೆಚ್ಚು ದೂರ ಓಡಿಸುವುದಿಲ್ಲ. ಏನೂ ಆಗುವುದೇ ಇಲ್ಲ ಎಂದು ಯಾವ ಮದ್ದಿನ ಬಗ್ಗೆಯೂ ಆಣೆ ಇಡಲು ಬರುವುದಿಲ್ಲ, ಆದರೆ ಹೇಳಿದ ಹಾಗೆ ಹಚ್ಚಿದರೆ ಹೆದರುವಂಥದ್ದಿಲ್ಲ. ಮರದಿಂದ ಬಂದದ್ದೆಂದು ಕರಿ ಎಣ್ಣೆಯನ್ನು ಸಾಧು ಎಂದುಕೊಳ್ಳಬೇಡಿ ಎಂದೂ ಹೇಳಿದಳು. ಅಮ್ಮನ ತೋಳಿನ ಮೇಲೆ ಸಾಯುವವರೆಗೂ ಇದ್ದ ಕೆಂಪು ಒರಟು ಕಲೆಗಳು ನನಗೆ ಆಗ ನೆನಪಾದವು. ಅಲ್ಲಿಂದಾಚೆಗೆ ಅಮ್ಮನ ಪರ ವಾದಿಸುವುದನ್ನು ಬಿಟ್ಟೆ.

ಅಣ್ಣ ಮನೆಯಲ್ಲಿದ್ದ ಪ್ಲಾಸ್ಟಿಕ್ಕನ್ನೆಲ್ಲ ತನ್ನ ಕೈಗೆ ಸಿಗದಂತೆ ಎತ್ತಿಟ್ಟ. ಬಾಚಣಿಗೆ, ಉಪ್ಪಿನ ಡಬ್ಬಿ, ಕನ್ನಡಕ. ರೇಡಿಯೋದ ತಿರುಪಿಗೆ ಬಟ್ಟೆ ಸುತ್ತಿದ. ಅಕಾರ್ಡಿಯನ್ನಿನ ಯೋಚನೆ ಅವನಿಗೂ ಬರಲಿಲ್ಲ, ನನಗೂ ಬರಲಿಲ್ಲ. ಅದರ ಗುಂಡಿಗಳು ಮುತ್ತಿನ ಚಿಪ್ಪಿನವು ಎಂದು ನಮ್ಮಪ್ಪ ಹೇಳಿದ್ದ. ರೊವಾನಿಯೆಮಿ ಪಟ್ಟಣದಲ್ಲಿ ಅದನ್ನು ಮಾರಿದ ಅಂಗಡಿಯವನು ಅಪ್ಪನಿಗೆ ಹೇಳಿದ್ದು, ಅಪ್ಪ ನಮಗೆ ಹೇಳಿದ್ದು, ನಾವು ಊರಿಗೆಲ್ಲ ಹೇಳಿದ್ದು. ಅಪ್ಪನ ಸಮಾಧಿಯ ಕಲ್ಲಿನ ಮೇಲಿರುವುದು ಸುಳ್ಳಾದೀತು, ಆ ಗುಂಡಿಗಳು ಸುಳ್ಳಾಗಲಾರವು ಎಂದು ನಂಬಿದ್ದೆವು.

ಜುಲೈ ಚೆನ್ನಾಗಿ ಕಳೆಯಿತು. ಐನಿಕ್ಕಿ ದೋಣಿಯಲ್ಲಿ ಕರವಸ್ತ್ರ ಕೆಳಗಿಳಿಸಿದಳು. ಆ ತುದಿಯಿಂದ ನಡುವಿಗೆ ಬಂದಳು, ನಡುವಿನಿಂದ ಹಗ್ಗದ ಪಕ್ಕಕ್ಕೆ ಬಂದಳು. ತುರ್ಕುವಿನ ಸಂತೆ, ಸತ್ತ ಗಂಡ, ಕಾಲಿನ ಆಣಿ, ಎಲ್ಲ ಹೇಳುತ್ತಿದ್ದಳಂತೆ. ಅಣ್ಣ ಹ್ಞೂಂಗುಡುತ್ತಿದ್ದನಂತೆ. ಶನಿವಾರಗಳಲ್ಲಿ ಗುಂಡಿಗಳು ಬೆರಳಿಗೆ ಒಂದಿಷ್ಟು ಅಂಟಿದಂತಾಗುತ್ತಿದ್ದವು. ಬೆವರೆಂದುಕೊಂಡು ಬಟ್ಟೆಯಲ್ಲಿ ಒರೆಸುತ್ತಿದ್ದ. ಆಗಸ್ಟ್ ಹುಟ್ಟಿದ ಮೇಲೆ ಒಂದು ದಿನ ಬಲೆ ಬಿಡಿಸುತ್ತ ಕೂತವನು, ಈ ಶನಿವಾರ ಬೇಸಿಗೆಯ ಕೊನೆಯ ಕುಣಿತ ಮುಗಿದ ಮೇಲೆ ಐನಿಕ್ಕಿ ತುರ್ಕುಗೆ ಹೋಗಿಬಿಡುತ್ತಾಳಂತೆ ಎಂದ. ನಾನು ಬಲೆಯ ಇನ್ನೊಂದು ತುದಿ ಹಿಡಿದು ಅವನೆದುರು ಕೂತೆ.

"ಹೋಗಬೇಡಿ ಅಂತ ಹೇಳು," ಅಂದೆ.

"ಹೇಗೆ?"

"ಬಾಯಲ್ಲಿ."

ಅವನು ಬಲೆಯ ಮುಂದಿನ ಗಂಟಿಗೆ ಕೈ ಹಾಕಿದ. ನನಗೆ ರೇಗಿತು. ಅಷ್ಟು ದೊಡ್ಡ ಗಂಡಸು, ವಸಂತದ ನೆರೆಯಲ್ಲಿ ಮಂಜುಗಡ್ಡೆಗಳ ನಡುವೆ ದೋಣಿ ದಾಟಿಸುವವನು, ಒಂದು ವಾಕ್ಯ ದಾಟಿಸಲಾರದೆ ಕೂತಿದ್ದ. ಹೇಳದೆ ಹೋದರೆ ಅವಳು ಹೋಗುವುದು ಖಂಡಿತ, ಇವನು ಉಳಿದ ಆಯುಷ್ಯವೆಲ್ಲ ಅವಳು ನಿಲ್ಲುತ್ತಿದ್ದ ಹಲಗೆಯನ್ನು ನೋಡುತ್ತ ಹಗ್ಗ ಎಳೆಯುವುದೂ ಖಂಡಿತ.

ಆ ಶನಿವಾರ ಗಾಳಿಯೇ ಇರಲಿಲ್ಲ, ಮಳೆ ಬಂದು ನಿಂತಿತ್ತು. ಸೊಳ್ಳೆಗಳಿಗೆ ಹಬ್ಬ. ಅಣ್ಣ ಸೌನಾ ಮುಗಿಸಿ, ಬಿಳಿ ಅಂಗಿ ತೊಟ್ಟು, ಮದ್ದನ್ನು ಹಚ್ಚಿದ್ದೇ ಹಚ್ಚಿದ್ದು. ಕರಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಕತ್ತಿಗೆ ತಿಕ್ಕುವುದು ಹುಟ್ಟಿನಿಂದ ಬಂದ ಅಭ್ಯಾಸ. ಇದನ್ನೂ ಹಾಗೇ ತಿಕ್ಕಿದ. ಮಂಟಪದ ಮೆಟ್ಟಿಲ ಬಳಿ ಇನ್ನೊಂದು ಸಲ. ಕಾಫಿಗೆ ಎದ್ದಾಗ ಮತ್ತೊಂದು ಸಲ. ಐನಿಕ್ಕಿ ಮಿರುಗುವ ನೀಲಿ ಉಡುಪು ತೊಟ್ಟು ವೇದಿಕೆಯ ಹತ್ತಿರದ ಬೆಂಚಿನಲ್ಲೇ ಕೂತಿದ್ದಳು.

ಕಾಫಿ ಮುಗಿದು ಒಂದು ವಾಲ್ಟ್ಸ್ ಎತ್ತಿಕೊಂಡೆವು. ಅರ್ಧದಲ್ಲಿ ಒಂದು ಸ್ವರ ಹಿಡಿದದ್ದು ಬಿಡಲಿಲ್ಲ. ಅಣ್ಣ ಬೆರಳೆತ್ತಿದರೂ ಗುಂಡಿ ಮೇಲೆ ಬರಲಿಲ್ಲ. ಇನ್ನೊಂದು ಒತ್ತಿದ, ಅದೂ ಒಳಗೇ ಕೂತಿತು. ಕತ್ತಿನ ನರ ಬಿಗಿದದ್ದು ಹಿಂದಿನಿಂದ ನನಗೆ ಕಂಡಿತು. ಬೆರಳನ್ನು ಎಳೆದಾಗ ಗುಂಡಿಯ ತುದಿ ಮೇಣದ ಹಾಗೆ ಎಳೆಯಾಗಿ ಬಂತು. ಅವನು ತಿದಿಯನ್ನು ಮುಚ್ಚಿದ. ಸಂಗೀತ ನಿಂತಿತು. ಕುಣಿಯುವವರು ಬಿದ್ದಾರೆಂದು ನಾನು ಮೂರು ಪೆಟ್ಟಿನ ತಾಳವನ್ನು ಬಿಡದೆ ಬಾರಿಸುತ್ತಲೇ ಇದ್ದೆ.

ಅಣ್ಣ ಅಕಾರ್ಡಿಯನ್ನನ್ನು ಹೆಗಲಿನಿಂದ ಇಳಿಸಿ, ಕುರ್ಚಿಯ ಮೇಲಿಟ್ಟು, ವೇದಿಕೆ ಇಳಿದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಂಡಸರ ಬೆಂಚಿನ ಕೊನೆಗೆ ಹೋಗಿ ಕೂತ, ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು. ಅಷ್ಟರಲ್ಲಿ ಗೋಡೆಯ ಮೇಲೆ ಕೆಂಪು ದೀಪ ಹತ್ತಿತು. ಅದು ಹತ್ತಿದರೆ ಇನ್ನು ಹೆಂಗಸರು ಗಂಡಸರನ್ನು ಕರೆಯುವ ಹೊತ್ತು. ಆ ದೀಪ ಹತ್ತಿದಾಗ ನಮ್ಮಣ್ಣ ಆ ಬೆಂಚಿನಲ್ಲಿ ಕೂತದ್ದು ಅದೇ ಮೊದಲು.

ಐನಿಕ್ಕಿ ಎದ್ದಳು. ಮೊದಲು ವೇದಿಕೆಗೆ ಬಂದು ಅಕಾರ್ಡಿಯನ್ನನ್ನು ಬಗ್ಗಿ ನೋಡಿದಳು, ಒಂದು ಗುಂಡಿಯನ್ನು ಉಗುರಿನಿಂದ ಒತ್ತಿದಳು. ಉಗುರಿನ ಗುರುತು ಬಿತ್ತು. ಆಮೇಲೆ ಕುಣಿಯುವ ನೆಲ ದಾಟಿ ಅಣ್ಣನ ಮುಂದೆ ನಿಂತಳು. ನಾನು ತಾಳವನ್ನು ಸಣ್ಣಗೆ ಮಾಡಿದೆ. ಬೇರೆಯವರ ಮಾತು ಕೇಳಬಾರದೆನ್ನುತ್ತಾರೆ, ಹಾಗೆ ಹೇಳುವವರಿಗೆ ಇಂಥ ಅಣ್ಣನಿಲ್ಲ.

"ಅದು ಸೆಲ್ಯುಲಾಯ್ಡು, ಒಂಥರಾ ಪ್ಲಾಸ್ಟಿಕ್ಕೇ," ಅಂದಳು.

"ಚಿಪ್ಪು ಅಂತ ಅಪ್ಪ ಹೇಳಿದ್ರು."

"ಚಿಪ್ಪು ಕರಗಲ್ಲ. ಅಂಗೈಗೆ ಹಚ್ಚಬೇಡಿ ಅಂತ ನಾನು ಹೇಳಿದ್ನಲ್ಲ. ಕೇಳಿಸಲಿಲ್ವಾ?"

ಅಣ್ಣ ತನ್ನ ಅಂಗೈ ನೋಡಿಕೊಂಡ. ಹ್ಞೂಂ ಅಂದು ಮುಗಿಸುತ್ತಾನೆಂದು ನಾನು ಹಲ್ಲು ಕಚ್ಚಿದೆ.

"ಕೇಳಿಸ್ತು," ಅಂದ. "ನೀವು ಮಾತಾಡ್ತಿದ್ರಿ. ನಾನು ನಿಮ್ಮನ್ನೇ ನೋಡ್ತಿದ್ದೆ. ಏನಂದ್ರಿ ಅಂತ ತಲೆಗೆ ಹೋಗಲಿಲ್ಲ."

ಅವನ ಬಾಯಿಂದ ಒಂದೇ ಉಸಿರಿಗೆ ಅಷ್ಟು ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಐನಿಕ್ಕಿ ನಗಲಿಲ್ಲ. ಕೈ ಚಾಚಿ, ಕುಣಿಯಲು ಬನ್ನಿ ಎಂದಳು. ಹೆಂಗಸು ಕರೆದರೆ ಒಲ್ಲೆ ಎನ್ನುವಂತಿಲ್ಲ, ನಮ್ಮಲ್ಲಿ ಅದು ಮರ್ಯಾದೆಯಲ್ಲ. ಅಣ್ಣ ಎದ್ದು ನಿಂತು, ತನಗೆ ಕುಣಿಯಲು ಬರುವುದಿಲ್ಲ ಎಂದ. ಊರನ್ನೆಲ್ಲ ಕುಣಿಸಿದವನಿಗೆ ಒಂದು ಹೆಜ್ಜೆ ಗೊತ್ತಿರಲಿಲ್ಲ. ಪರವಾಗಿಲ್ಲ ಎಂದಳು ಅವಳು. ಹಾಗಾದರೆ ಸರೋವರಕ್ಕೆ ಹೋಗಿ ಕೈ ತೊಳೆದು ಬರುತ್ತೇನೆ ಎಂದ.

"ಬರೀ ನೀರಿಗೆ ಅದು ಹೋಗಲ್ಲ," ಅಂದಳು ಐನಿಕ್ಕಿ. "ಹೋದ್ರೆ ನೀವೂ ವಾಪಸ್ ಬರಲ್ಲ. ಹೀಗೇ ಬನ್ನಿ. ನನ್ನ ಉಡುಪಿಗೆ ಮಾತ್ರ ಕೈ ತಾಗಿಸಬೇಡಿ, ಇದು ಕೃತಕ ರೇಷ್ಮೆ. ಗುಂಡಿಗೆ ಆದದ್ದೇ ಇದಕ್ಕೂ ಆಗುತ್ತೆ."

ಒಮ್ಮೆ ಕರೆದರೆ ಎರಡು ಹಾಡು ಕುಣಿಯಬೇಕು, ಆಮೇಲೆ ಗಂಡಸು ಹೆಂಗಸನ್ನು ಅವಳ ಜಾಗಕ್ಕೆ ಬಿಟ್ಟು ಬರಬೇಕು, ಅದು ಕ್ರಮ. ಹಾಡಾದರೂ ಎಲ್ಲಿತ್ತು? ನನ್ನ ಡ್ರಮ್ ಒಂದೇ. ಹೆಂಗಸರ ಬೆಂಚಿನಿಂದ ಯಾರೋ ಅರ್ಧಕ್ಕೆ ನಿಂತ ವಾಲ್ಟ್ಸನ್ನು ಗುನುಗಲು ತೊಡಗಿದರು, ಉಳಿದವರು ಸೇರಿಕೊಂಡರು. ಅಣ್ಣ ಅವಳ ಕಾಲು ತುಳಿದ, ಕ್ಷಮೆ ಕೇಳಿದ, ಮತ್ತೆ ತುಳಿದ. ಅವಳ ಬೆನ್ನಿನ ಹಿಂದೆ ಅವನ ಬಲಗೈ ಉಡುಪಿಗೆ ಸೋಕದೆ ಗಾಳಿಯಲ್ಲೇ ನಿಂತಿತ್ತು. ಅಷ್ಟು ಹಗ್ಗ ಎಳೆದ ತೋಳು, ಗಾಳಿಯನ್ನು ಹಿಡಿದು ಹಿಡಿದು ದಣಿದಿತ್ತು. ಕತ್ತಿನ ಮೇಲೆ ಒಂದೂ ಸೊಳ್ಳೆಯಿರಲಿಲ್ಲ.

ಮೊದಲನೆಯದು ಮುಗಿದು ಎರಡನೆಯದು ಶುರುವಾಯಿತು. ಅದೂ ಅರ್ಧವಾಯಿತು. ಅವನು ತನ್ನ ಕಾಲುಗಳನ್ನೇ ನೋಡುತ್ತ ಹೆಜ್ಜೆ ಹಾಕುತ್ತಿದ್ದ. ಎರಡನೆಯದು ಮುಗಿದರೆ ಅವಳನ್ನು ಬೆಂಚಿಗೆ ಬಿಟ್ಟು ಬರುತ್ತಾನೆ, ಅವಳು ಬಸ್ಸು ಹತ್ತುತ್ತಾಳೆ. ನಾನು ತಾಳ ನಿಧಾನ ಮಾಡಿದೆ. ಗುನುಗುವವರು ನನ್ನನ್ನು ದುರುಗುಟ್ಟಿ ನೋಡಿದರು. ನೋಡಲಿ.

ಆಗ ಅವರಿಬ್ಬರೂ ತಿರುಗುತ್ತ ವೇದಿಕೆಯ ಹತ್ತಿರ ಬಂದರು. ಆ ಕಾಲದಲ್ಲಿ ನಮ್ಮಲ್ಲಿ 'ನೀವು' ಎಂಬುದನ್ನು ಬಿಟ್ಟು 'ನೀನು' ಎನ್ನುವುದು ಹುಡುಗಾಟದ ಮಾತಾಗಿರಲಿಲ್ಲ. ಹೆಂಗಸೇ ಮೊದಲು ಅದನ್ನು ಕೊಡಬೇಕು. ಕೊಡದೆ ಜೀವಮಾನವಿಡೀ ಪಕ್ಕದ ಮನೆಯಲ್ಲಿ ಬಾಳಿದವರಿದ್ದರು. ಐನಿಕ್ಕಿ ಹಿಂದಕ್ಕೆ ಕೈ ಚಾಚಿ, ಗಾಳಿಯಲ್ಲಿ ನಿಂತಿದ್ದ ಅಣ್ಣನ ಕೈಯನ್ನು ಹಿಡಿದಳು.

"ಕೈ ಇಡು, ತೌನೊ," ಅಂದಳು.

"ಉಡುಪು ಹಾಳಾಗುತ್ತೆ."

"ನನಗೆ ಗೊತ್ತಿಲ್ವಾ? ನೀನು ಇಡು."

ಆ ಕೈಯನ್ನು ತಾನೇ ತನ್ನ ಬೆನ್ನಿಗೆ ಒತ್ತಿಕೊಂಡಳು.

ಹಾಡು ಮುಗಿದ ಮೇಲೆ ಅಣ್ಣ ಅವಳನ್ನು ಹೆಂಗಸರ ಬೆಂಚಿಗೆ ಬಿಡಲು ಹೋಗಲಿಲ್ಲ, ಅವಳೂ ಹೋಗಲಿಲ್ಲ. ಇಬ್ಬರೂ ಬಾಗಿಲ ಕಡೆ ನಡೆದರು. ಅವಳ ಕೋಟು ತೋಳಿನ ಮೇಲಿತ್ತು, ಹೊರಗೆ ಚಳಿಯಿತ್ತು, ಅವಳು ಅದನ್ನು ಹಾಕಿಕೊಳ್ಳಲಿಲ್ಲ. ನೀಲಿ ಉಡುಪಿನ ಬೆನ್ನ ಮೇಲೆ ನಮ್ಮಣ್ಣನ ಐದೂ ಬೆರಳು ಅಚ್ಚೊತ್ತಿ ನಿಂತಿದ್ದವು. ಇಡೀ ಊರು ನೋಡಲೆಂದೇ ಅವಳು ನಿಧಾನವಾಗಿ ನಡೆದಳು. ನನಗೆ ಅಳು ಬಂದುಬಿಟ್ಟಿತು. ಕಡ್ಡಿ ಹಿಡಿದಿದ್ದರಿಂದ ಕಣ್ಣೊರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.